ಬಲ್ಬಿಗೆ ವೈರ್ ಎಳೆದು ಕೇಳಿದ ಹಾಡು

ಸಿಡ್ನಿಯಲ್ಲಿ ಕಟ್ಟಿದ, ಆಮೇಲೆ ಸಿಎಸ್ಐರಾಕ್ ಅಂತ ಹೆಸರಾದ ಕಂಪ್ಯೂಟರ್‌ಗೆ ಒಂದು ಸ್ಪೀಕರ್ ಇತ್ತು. ಹಾಡಿಗೆ ಅಂತ ಹಾಕಿದ್ದಲ್ಲ ಅದು, ಲೆಕ್ಕ ಮುಗೀತು ಅಂತ ಗೊತ್ತಾಗ್ಲಿ ಅಂತ ಪ್ರೋಗ್ರಾಮ್ ಕೊನೇಲಿ ಒಂದ್ಸಲ ಗೊರ್ ಅನ್ನಿಸ್ತಿದ್ರು ಅಷ್ಟೆ. ಆದ್ರೆ ಪ್ರೋಗ್ರಾಮರ್ ಜೆಫ್ ಹಿಲ್‌ಗೆ ಶ್ರುತಿಜ್ಞಾನ ಚೆನ್ನಾಗಿತ್ತು, ಆ ಗೊರ್ ಸದ್ದನ್ನೇ ಪಳಗಿಸಿ 1951ರಲ್ಲಿ ಕರ್ನಲ್ ಬೋಗಿ ಅನ್ನೋ ಮಿಲಿಟರಿ ಬ್ಯಾಂಡಿನ ಟ್ಯೂನ್ ನುಡಿಸಿಬಿಟ್ರು.

ಅದೇನು ಸುಲಭದ ಕೆಲಸ ಅಲ್ಲ. ಆ ಮಷೀನಿನ ಮೆಮೊರಿ ಅಂದ್ರೆ ಪಾದರಸ ತುಂಬಿದ ಕೊಳವೆಗಳು, ಡೇಟಾ ಅದರೊಳಗೆ ಶಬ್ದದ ಅಲೆಯಾಗಿ ಸುತ್ತುತ್ತಾ ಇರುತ್ತೆ, ನಮಗೆ ಬೇಕಾದ್ದು ತುದಿಗೆ ಬರೋವರೆಗೂ ಕಾಯಬೇಕು, ಒಂದಕ್ಕೆ ಜಾಸ್ತಿ ಹೊತ್ತು ಒಂದಕ್ಕೆ ಕಮ್ಮಿ. ಸ್ಪೀಕರ್‌ಗೆ ಹೋಗೋ ಪಲ್ಸ್‌ಗಳ ಮಧ್ಯದ ಅಂತರ ಒಂದೇ ಸಮ ಇದ್ರೆ ಮಾತ್ರ ಸ್ವರ, ಇಲ್ದಿದ್ರೆ ಬರೀ ಗಲಾಟೆ. ಹಾಗಾಗಿ ಪ್ರೋಗ್ರಾಮಿನ ಯಾವ ಸೂಚನೆ ಕೊಳವೆಯ ಯಾವ ಜಾಗದಲ್ಲಿ ಕೂರಬೇಕು ಅನ್ನೋದನ್ನೂ ಲೆಕ್ಕ ಹಾಕಿ ಬರೀಬೇಕಿತ್ತು.

ನಂಗೆ ಇನ್ನೂ ಇಷ್ಟ ಆಗೋದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಪೀಟರ್ ಸ್ಯಾಮ್ಸನ್ ಮಾಡಿದ್ದು. ಅಲ್ಲಿನ ಪಿಡಿಪಿ-1 ಅನ್ನೋ ಕಂಪ್ಯೂಟರ್, ಸಾಲಾಗಿ ಬೀರು ನಿಲ್ಲಿಸಿದ ಹಾಗೆ ಇರ್ತಿತ್ತು, ಅದರ ಪ್ಯಾನೆಲ್ ಮೇಲೆ ಪ್ರೋಗ್ರಾಮ್ ಫ್ಲ್ಯಾಗ್ ಅನ್ನೋ ಪುಟ್ಟ ಬಲ್ಬುಗಳು, ಪ್ರೋಗ್ರಾಮ್ ಹೇಳಿದ್ರೆ ಹತ್ತುತ್ತೆ, ಹೇಳಿದ್ರೆ ಆರುತ್ತೆ. ಅವುಗಳಲ್ಲಿ ನಾಲ್ಕರ ಸಿಗ್ನಲ್‌ಗೆ ವೈರ್ ಎಳೆದು ಆಂಪ್ಲಿಫೈಯರ್‌ಗೆ ಕೊಟ್ಟಾಗ ನಾಲ್ಕು ದನಿ ಒಟ್ಟಿಗೆ ಬಂತು! ಸೆಕೆಂಡಿಗೆ 440 ಸಲ ಹತ್ತಿಸಿ ಆರಿಸಿದ್ರೆ 440 ಹರ್ಟ್ಜ್ ಸ್ವರ, ಕಣ್ಣಿಗೆ ಬಲ್ಬು ಸುಮ್ನೆ ಮಂಕಾಗಿ ಉರೀತಿದೆ ಅನ್ಸುತ್ತೆ, ಕಿವಿಗೆ ಅದೇ ಸಂಗೀತ. ಮಷೀನಿನ ಒಂದು ಸಾಮಾನ್ಯ ಸೂಚನೆಗೆ 10 ಮೈಕ್ರೊಸೆಕೆಂಡ್ ಹಿಡಿಯುತ್ತೆ, ಅಂದ್ರೆ ಈ ಸ್ವರದ ಒಂದು ಕಂಪನದಲ್ಲಿ ಸುಮಾರು 227 ಸೂಚನೆ ಮುಗಿಯುತ್ತೆ, ಅಷ್ಟರೊಳಗೆ ಉಳಿದ ಮೂರು ದನಿಗಳ ಲೆಕ್ಕಾನೂ ತಪ್ಪದೆ ನೋಡ್ಕೋಬೇಕು.

ಸಿಡ್ನಿಯ ಆ ಹಾಡನ್ನ ಯಾರೂ ರೆಕಾರ್ಡ್ ಮಾಡಿಡಲಿಲ್ಲ, ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ. ಸ್ಯಾಮ್ಸನ್ ಕಾಲದ ಹಾಡುಗಳಿದ್ದ, ತೂತು ಕೊರೆದ ಪೇಪರ್ ಟೇಪುಗಳು ಮಾತ್ರ ಉಳಿದವು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ನಲ್ಲಿ ಒಂದು ಪಿಡಿಪಿ-1ನ್ನ ರಿಪೇರಿ ಮಾಡಿ ಎಬ್ಬಿಸಿದಾಗ ಆ ಟೇಪು ಓದಿ ನುಡಿಸೋ ಹಳೆ ಪ್ಲೇಯರ್ ಪ್ರೋಗ್ರಾಮ್ ಇರಲಿಲ್ಲ, ಸ್ಯಾಮ್ಸನ್ ಅವರೇ ಕೂತು ಟೇಪಿನ ತೂತುಗಳಲ್ಲಿ ಏನಿದೆ ಅಂತ ಬಿಡಿಸಿ ಹೊಸದು ಬರೆದ್ರು, ಅದೇ ಥರದ ನಾಲ್ಕು ಬಲ್ಬುಗಳಿಂದ ಯುರೋಪಿನ ಹಳೇ ಸಂಗೀತಗಾರ ಬಾಖ್ ಅವರ ಸಂಗೀತ ಮತ್ತೆ ಹೊರಟಿತು.