ಪ್ರೋ ಕೊಳ್ಳುವ ಮುಂಚೆ ಟಿವಿ ನೋಡಿ, ಕೋಣೆಯನ್ನೂ ನೋಡಿ

"ಸರ್, ಪ್ರೋ ತಗೊಂಡ್ರ ಗೇಮ್ ಎಲ್ಲಾ ಸ್ಮೂತ್ ಆಗ್ತಾವೇನ್ರಿ?"

ಸೇಡಂ ರಸ್ತೆ ಕಡೆಯ ಹುಡುಗನೊಬ್ಬ ಹೋದ ವಾರ ಅಂಗಡಿಗೆ ಬಂದು ಕೇಳಿದ. ಚೀಲದಲ್ಲಿ ಮೂರು ವರ್ಷದ ಪಿಎಸ್5 ಇತ್ತು, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್. ಅದನ್ನು ಮಾರಿ, ಮೇಲೆ ದುಡ್ಡು ಹಾಕಿ ಪಿಎಸ್5 ಪ್ರೋ ತರಿಸುವ ಯೋಚನೆ. ಮನೆಯಲ್ಲಿ ಟಿವಿ ಯಾವುದು ಅಂತ ಕೇಳಿದೆ. 32 ಇಂಚಿನದು, ಎಚ್‌ಡಿ ರೆಡಿ ಅಂದ. "ಹಂಗಾದ್ರ ಈಗ ಬ್ಯಾಡಪ್ಪ" ಅಂದೆ. ಯಾಕೆ ಅಂತ ಅವನಿಗೆ ಅರ್ಧ ಗಂಟೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕನ್ಸೋಲ್, ಟಿವಿ ರಿಪೇರಿ ಮಾಡುತ್ತಾ ನನಗೆ ಹದಿನೈದು ವರ್ಷ ಆಯಿತು. 2016ರ ನವೆಂಬರ್‌ನಲ್ಲಿ ಪಿಎಸ್4 ಪ್ರೋ ಬಂತು. ಮರು ವರ್ಷ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಬಂತು. 2024ರ ನವೆಂಬರ್ 7ಕ್ಕೆ ಪಿಎಸ್5 ಪ್ರೋ. ಮೂರು ಸಲವೂ ಜನ ಕೇಳಿದ್ದು ಇದೇ ಪ್ರಶ್ನೆ. ಇವು ಹೊಸ ತಲೆಮಾರಿನ ಯಂತ್ರಗಳಲ್ಲ. ಹಳೆಯ ಯಂತ್ರದಲ್ಲಿ ಓಡುವ ಗೇಮ್‌ಗಳೇ ಇದರಲ್ಲೂ ಓಡುತ್ತವೆ. ಹೆಚ್ಚಾಗುವುದು ಮುಖ್ಯವಾಗಿ ಚಿತ್ರ ಬಿಡಿಸುವ ಶಕ್ತಿ.

ನಮ್ಮ ಕಡೆ ಮದುವೆ ಮನೆಯಲ್ಲಿ ರೊಟ್ಟಿ ಮಾಡುವುದನ್ನು ನೋಡಿದ್ದೀರಿ ಅಲ್ವಾ? ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಕನ್ಸೋಲ್‌ನಲ್ಲಿ ಸಿಪಿಯು ಅಂದರೆ ಬಡಿಯುವ ಕೈ. ಯಾವ ಪಾತ್ರ ಎಲ್ಲಿ ನಿಂತಿದೆ, ಗುಂಡು ಯಾರಿಗೆ ತಾಗಿತು, ರಸ್ತೆಯಲ್ಲಿ ಕಾರು ಯಾವ ಕಡೆ ತಿರುಗಬೇಕು ಅನ್ನುವ ಲೆಕ್ಕವೆಲ್ಲ ಅದರದು. ಜಿಪಿಯು ಅಂದರೆ ಹಂಚು. ಆ ಲೆಕ್ಕವನ್ನು ತೆಗೆದುಕೊಂಡು ಪರದೆ ಮೇಲೆ ಚಿತ್ರ ಮಾಡುವುದು ಅದರ ಕೆಲಸ. ಪಿಎಸ್5 ಪ್ರೋ ಮಾಡುವಾಗ ಹಂಚುಗಳನ್ನು ಹೆಚ್ಚಿಸಿದರು. ಜಿಪಿಯುನಲ್ಲಿ ಚಿತ್ರದ ಲೆಕ್ಕ ಮಾಡುವ ಘಟಕಗಳು, ಅಂದರೆ ಕಂಪ್ಯೂಟ್ ಯೂನಿಟ್, 36 ಇದ್ದದ್ದು 60 ಆಯಿತು. ಬಡಿಯುವ ಕೈ ಮಾತ್ರ ಹೆಚ್ಚು ಕಡಿಮೆ ಅದೇ. 3.5 ಗಿಗಾಹರ್ಟ್ಸ್ ಇದ್ದ ಸಿಪಿಯು ವೇಗ 3.85ರವರೆಗೆ ಹೋಗಬಹುದು, ಅದೂ ಗೇಮ್ ಮಾಡಿದವರು ಆ ಮೋಡ್ ಆರಿಸಿಕೊಂಡರೆ. ಅಂದರೆ ಹತ್ತು ಪರ್ಸೆಂಟ್ ಅಷ್ಟೇ. ಪಿಎಸ್4 ಪ್ರೋ ಕಾಲದಲ್ಲೂ ಇದೇ ಕಥೆ. ಜಿಪಿಯು ಶಕ್ತಿ 1.84 ಟೆರಾಫ್ಲಾಪ್‌ನಿಂದ (ಲೆಕ್ಕ ಮಾಡುವ ವೇಗದ ಅಳತೆ) 4.2ಕ್ಕೆ ಜಿಗಿಯಿತು, ಸಿಪಿಯು 1.6 ಗಿಗಾಹರ್ಟ್ಸ್‌ನಿಂದ 2.1ಕ್ಕೆ ನಿಂತಿತು.

ಇದು ಗೊತ್ತಿದ್ದರೆ ಹುಡುಗನ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಿಮ್ಮ ಗೇಮ್ ತಡವರಿಸುವುದು ಚಿತ್ರದ ಭಾರಕ್ಕೆ ಆಗಿದ್ದರೆ ಪ್ರೋ ಅದನ್ನು ನೀಟಾಗಿ ಸರಿ ಮಾಡುತ್ತದೆ. ದೊಡ್ಡ ಊರು, ನೂರಾರು ಜನ, ಎಲ್ಲರೂ ಒಂದೇ ಸಲ ಓಡಾಡುವ ಜಾಗದಲ್ಲಿ ತಡವರಿಸುತ್ತಿದ್ದರೆ ಅದು ಸಿಪಿಯು ಭಾರ. ಅಲ್ಲಿ ಹಂಚು ಜಾಸ್ತಿ ಇಟ್ಟು ಏನು ಮಾಡುವುದು? ರೊಟ್ಟಿ ಬಡಿದು ಬರಬೇಕಲ್ಲ.

ಪ್ರೋದಿಂದ ನಿಜವಾಗಿ ಸಿಗುವ ಸುಖ ಬೇರೆ. ಈಗಿನ ಗೇಮ್‌ಗಳಲ್ಲಿ ಹೆಚ್ಚಾಗಿ ಎರಡು ಮೋಡ್ ಇರುತ್ತವೆ. ಒಂದರಲ್ಲಿ ಚಿತ್ರ ಚೆಂದ, ಆದರೆ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ. ಇನ್ನೊಂದರಲ್ಲಿ 60 ಫ್ರೇಮ್, ಆದರೆ ಚಿತ್ರ ಸ್ವಲ್ಪ ಮಸುಕು. ಮುಕ್ಕಾಲು ಪಾಲು ಸಲ ಆಟಗಾರರು ಎರಡನೆಯದನ್ನೇ ಆರಿಸುತ್ತಾರೆ ಎಂದು ಪ್ರೋ ಪರಿಚಯಿಸುವಾಗ ಸೋನಿಯ ಮಾರ್ಕ್ ಸರ್ನಿ ಹೇಳಿದ್ದರು. ಆ ಎರಡನ್ನೂ ಒಟ್ಟಿಗೆ ಕೊಡುವುದೇ ಪ್ರೋದ ಗುರಿ. ಚಿತ್ರವನ್ನು ಮೊದಲು ಕಡಿಮೆ ಚುಕ್ಕಿಗಳಲ್ಲಿ ಬಿಡಿಸುತ್ತದೆ. ಆಮೇಲೆ ಪಿಎಸ್ಎಸ್ಆರ್ ಅನ್ನುವ ಎಐ ವಿಧಾನದಿಂದ ಉಳಿದ ಚುಕ್ಕಿಗಳನ್ನು ತುಂಬುತ್ತದೆ. ಚೆನ್ನಾಗಿ ಮಾಡಿದ ಗೇಮ್‌ನಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೂರದ ಮರದ ಎಲೆ, ತಂತಿ ಬೇಲಿ, ಕೂದಲು ಇವೆಲ್ಲ ಅಲುಗಾಡದೆ ನಿಲ್ಲುತ್ತವೆ. ನೋಡಲು ಬಹಳ ಖುಷಿ ಆಗುತ್ತದೆ.

ಆದರೆ ಆ ಚುಕ್ಕಿಗಳು ಕಾಣಲು ಟಿವಿ ಬೇಕಲ್ಲ. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ. ಆ ಹುಡುಗನ 32 ಇಂಚಿನ ಟಿವಿಯಲ್ಲಿ ಹತ್ತೂವರೆ ಲಕ್ಷ. ಪ್ರೋ ಎಷ್ಟೇ ಕಷ್ಟಪಟ್ಟು ಚುಕ್ಕಿ ತುಂಬಿದರೂ ಅವನ ಟಿವಿ ಎಂಟರಲ್ಲಿ ಏಳು ಪಾಲನ್ನು ಬಿಸಾಕುತ್ತದೆ. ಕೂರುವ ದೂರವೂ ಮುಖ್ಯ. 43 ಇಂಚಿನ ಟಿವಿಯಿಂದ ಆರು ಅಡಿಗಿಂತ ಹಿಂದೆ ಕೂತರೆ ಸಾಮಾನ್ಯ ಕಣ್ಣಿಗೆ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. 55 ಇಂಚಿಗೆ ಆ ಲೆಕ್ಕ ಏಳು ಅಡಿ. ನಮ್ಮ ಕಡೆಯ ಪಡಸಾಲೆಗಳಲ್ಲಿ ಟಿವಿ ಒಂದು ಗೋಡೆಗೆ, ಸೋಫಾ ಎದುರಿನ ಗೋಡೆಗೆ. ನಡುವೆ ಹತ್ತು ಹನ್ನೆರಡು ಅಡಿ. ಟೇಪ್ ಹಿಡಿದು ಒಮ್ಮೆ ಅಳೆದು ನೋಡಿ.

ಈಗ ಬಿಸಿಲಿನ ಮಾತು. ಬೆಂಗಳೂರಿನವರು ಬರೆಯುವ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ನಮಗೆ ಮಾತ್ರ ಇದೇ ದೊಡ್ಡದು.

ಪಿಎಸ್5 ಜೊತೆ ಬರುವ ಪುಸ್ತಕದಲ್ಲಿ ಯಂತ್ರ ಕೆಲಸ ಮಾಡಬೇಕಾದ ತಾಪಮಾನ 5ರಿಂದ 35 ಡಿಗ್ರಿ ಎಂದು ಬರೆದಿದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಸಾಮಾನ್ಯ. ಯಾದಗಿರಿಯಲ್ಲೂ ಅಷ್ಟೇ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ರಾತ್ರಿ ಹತ್ತಾದರೂ ಗೋಡೆ ಕೈಗೆ ಬಿಸಿ ತಾಗುತ್ತದೆ. ಅಂಥ ಕೋಣೆಯಲ್ಲಿ 200 ವ್ಯಾಟ್ ಎಳೆಯುವ ಯಂತ್ರ ಓಡಿಸಿದರೆ ಆ 200 ವ್ಯಾಟೂ ಶಾಖವಾಗಿ ಅದೇ ಕೋಣೆಗೆ ಬರುತ್ತದೆ. ಪ್ರೋ ಇನ್ನೂ ಜಾಸ್ತಿ ಎಳೆಯುತ್ತದೆ. ಒಳಗಿನ ಫ್ಯಾನ್ ತಣ್ಣಗಿನ ಗಾಳಿಯನ್ನು ಹುಟ್ಟಿಸುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು ಬಿಡುತ್ತದೆ. ಕೋಣೆ 40 ಡಿಗ್ರಿ ಇದ್ದರೆ ಅದರ ಕೆಲಸ ಅಲ್ಲಿಂದ ಶುರು.

ಮೇ ತಿಂಗಳಲ್ಲಿ ನನ್ನ ಮೇಜಿಗೆ ಬರುವ ಕನ್ಸೋಲ್‌ಗಳನ್ನು ಬಿಚ್ಚಿದರೆ ಎರಡು ಬಗೆಯ ಧೂಳು ಕಾಣುತ್ತದೆ. ಒಂದು ಒಣಗಿದ, ಊದಿದರೆ ಹಾರುವ ಧೂಳು. ಶಹಾಬಾದ್, ವಾಡಿ ಕಡೆಯಿಂದ ಬಂದವುಗಳಲ್ಲಿ ಅದು ಬೂದು ಬಣ್ಣ, ಕಲ್ಲು ಸಿಮೆಂಟಿನ ಪುಡಿ. ಹಳ್ಳಿಗಳಿಂದ ಬಂದವುಗಳಲ್ಲಿ ಎರೆ ಮಣ್ಣಿನ ಕಪ್ಪು. ಎರಡನೆಯ ಬಗೆ ಕೆಟ್ಟದ್ದು. ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಣಕದ ಹಾಗೆ ಅಂಟಿ ಗಟ್ಟಿಯಾಗಿರುತ್ತದೆ. ಇದಕ್ಕೆ ಕಾರಣ ಕೂಲರ್. ನಮ್ಮಲ್ಲಿ ಬೇಸಿಗೆ ಅಂದರೆ ಕಿಟಕಿಗೆ ಕೂಲರ್. ಅದರ ಮುಂದೆ ತಂಪು ಅಂತ ಕನ್ಸೋಲ್ ಇಡುತ್ತಾರೆ. ಒದ್ದೆ ಗಾಳಿ ಧೂಳನ್ನು ಹಸಿ ಮಾಡಿ ಒಳಗೆ ಕೂರಿಸುತ್ತದೆ. ನೀರಿನ ಉಪ್ಪು ಕನೆಕ್ಟರ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ದಯವಿಟ್ಟು ಕೂಲರ್ ಗಾಳಿ ನೇರ ಬಡಿಯುವ ಜಾಗದಲ್ಲಿ ಯಾವ ಕನ್ಸೋಲನ್ನೂ ಇಡಬೇಡಿ.

ಟಿವಿ ಶೋಕೇಸ್‌ನ ಗಾಜಿನ ಬಾಗಿಲೊಳಗೂ ಬೇಡ. ನಿಮ್ಮ ಮನೆಯಲ್ಲಿ ಫರಸಿ ಕಲ್ಲಿನ ತಂಪು ನೆಲ ಇದ್ದರೂ ನೇರ ನೆಲದ ಮೇಲೆ ಇಡಬೇಡಿ, ಕಸ ಗುಡಿಸಿದ ಧೂಳೆಲ್ಲ ಒಳಗೆ ಹೋಗುತ್ತದೆ. ಒಂದೂವರೆ ಅಡಿ ಎತ್ತರದ ಗಟ್ಟಿ ಸ್ಟೂಲ್ ಸಾಕು. ಸುತ್ತ ಗೇಣು ಜಾಗ ಬಿಡಿ. ಪಿಎಸ್5 ಪಕ್ಕದ ಹೊದಿಕೆ ತೆಗೆದರೆ ಧೂಳು ಹಿಡಿಯಲೆಂದೇ ಮಾಡಿದ ತೂತುಗಳು ಕಾಣುತ್ತವೆ. ತಿಂಗಳಿಗೊಮ್ಮೆ ಅಲ್ಲಿ ವ್ಯಾಕ್ಯೂಮ್ ಹಿಡಿಯಿರಿ. ಅದಕ್ಕಿಂತ ಒಳಗೆ ನೀವೇ ಕೈ ಹಾಕಬೇಡಿ. ಪಿಎಸ್5ನಲ್ಲಿ ಚಿಪ್ ಮೇಲೆ ಸಾಮಾನ್ಯ ಪೇಸ್ಟ್ ಇಲ್ಲ, ದ್ರವ ಲೋಹ ಇದೆ. ಅದು ಕರೆಂಟ್ ಹರಿಸುವ ವಸ್ತು. ಒಂದು ಹನಿ ಬೋರ್ಡ್ ಮೇಲೆ ಜಾರಿದರೆ ಶಾರ್ಟ್ ಆಗಬಹುದು.

ಕರೆಂಟ್ ಬಗ್ಗೆ ಎರಡೇ ಮಾತು. ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಇರಲಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಪ್ಲಗ್ ತೆಗೆಯುವ ಜೊತೆಗೆ ಎಚ್‌ಡಿಎಂಐ ಕೇಬಲನ್ನೂ ತೆಗೆಯಿರಿ. ಚಾವಣಿಯ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಅಲ್ಲಿಂದ ಕನ್ಸೋಲ್. ಸಿಡಿಲಿಗೆ ಆ ದಾರಿ ಸಾಕು.

ಇನ್ನು ಕೊಳ್ಳುವ ವಿಷಯ. ಪಿಎಸ್5 ಪ್ರೋ ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ 699.99 ಡಾಲರ್. ಆಗಿನ ಲೆಕ್ಕದಲ್ಲಿ ತೆರಿಗೆ ಬಿಟ್ಟು 59 ಸಾವಿರ ರೂಪಾಯಿ ಹತ್ತಿರ. ಅದು ಬಿಡುಗಡೆಯಾದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅದರಲ್ಲಿರುವ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ ಅನ್ನುವುದು ಕಾರಣ. ಹಾಗಾಗಿ ನಮ್ಮವರು ದುಬೈ, ಸೌದಿಯಲ್ಲಿರುವ ಅಣ್ಣನ ಕೈಯಲ್ಲೋ ಮಾವನ ಕೈಯಲ್ಲೋ ತರಿಸಿಕೊಂಡರು. ಹಾಗೆ ತರಿಸುವಾಗ ಇಲ್ಲಿ ವಾರಂಟಿ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಇನ್ನೊಂದು ದೊಡ್ಡ ವಿಷಯ ಡಿಸ್ಕ್. ನಮ್ಮ ಕಡೆ ಹುಡುಗರು ಡಿಸ್ಕ್ ಕೊಂಡು, ಆಡಿ ಮುಗಿಸಿ, ಮಾರಿ ಇನ್ನೊಂದು ತರುತ್ತಾರೆ. ಮೂರು ಮಂದಿ ಗೆಳೆಯರು ಸೇರಿ ಒಂದೇ ಡಿಸ್ಕ್ ತಿರುಗಿಸುವುದೂ ಉಂಟು. ಪ್ರೋದಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇರೆ ಕೊಂಡು ಜೋಡಿಸಬೇಕು, ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕೇ ಬೇಕು. ಈ ಖರ್ಚನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? 55 ಇಂಚು ಅಥವಾ ಮೇಲಿನ ಒಳ್ಳೆಯ 4ಕೆ ಟಿವಿ ಇದೆ, ಏಳು ಅಡಿಯೊಳಗೆ ಕೂರುತ್ತೀರಿ, ಕೋಣೆಗೆ ಎಸಿ ಇದೆ, ದಿನಾ ಆಡುತ್ತೀರಿ. ಅಂಥವರು ಖಂಡಿತ ಕೊಳ್ಳಲಿ, ದುಡ್ಡಿಗೆ ಮೋಸ ಇಲ್ಲ. ಇನ್ನೂ ಪಿಎಸ್4ನಲ್ಲಿ ಇರುವವರಿಗೆ ಸಾದಾ ಪಿಎಸ್5 ಸಾಕು, ಅವರಿಗೆ ಸಿಪಿಯುವೂ, ಗೇಮ್ ತುಂಬಿಡುವ ವೇಗದ ಎಸ್ಎಸ್‌ಡಿಯೂ ಹೊಸದಾಗಿ ಸಿಗುತ್ತವೆ. ಪಿಎಸ್5 ಇದ್ದು ಗೇಮ್ ತುಂಬಲು ಜಾಗ ಸಾಲದೆ ಬೇಸತ್ತವರು ಒಂದು ಎಂ.2 ಎಸ್ಎಸ್‌ಡಿ ಹಾಕಿಸಿ. ಮೊದಲ ಪಿಎಸ್5ನ 825 ಜಿಬಿಯಲ್ಲಿ ಗೇಮ್‌ಗೆ ಉಳಿಯುವುದು 667 ಮಾತ್ರ.

ಸೇಡಂ ರಸ್ತೆಯ ಹುಡುಗ ಕೊನೆಗೆ ಟಿವಿ ಬದಲಿಸುತ್ತೇನೆ ಅಂದ. ಪ್ರೋ ಆಮೇಲೆ ನೋಡೋಣ ಅಂತ ಪಿಎಸ್5 ಕ್ಲೀನ್ ಮಾಡಿಸಿಕೊಂಡು ಹೋದ.

ನೀವು ಬದಲಿಸುವುದೇ ಆದರೆ ಹಳೆಯದನ್ನು ಮೊದಲು ಮಾರಬೇಡಿ. ಬೀದರ್‌ನಿಂದ ರೈಲಿನಲ್ಲಿ ಬಂದ ಒಬ್ಬ ಕಾಲೇಜು ಹುಡುಗ ಹಾಗೆ ಮಾಡಿದ್ದ. ಹಳೆಯ ಪಿಎಸ್5 ಅಳಿಸಿ ಕೊಟ್ಟುಬಿಟ್ಟಿದ್ದ. ಎರಡು ವರ್ಷದ ಸೇವ್, ಅಂದರೆ ಗೇಮ್‌ನಲ್ಲಿ ಎಲ್ಲಿಯವರೆಗೆ ಆಡಿದ್ದ ಅನ್ನುವ ದಾಖಲೆ, ಅದರೊಳಗೇ ಹೋಯಿತು. ಪಿಎಸ್5 ಗೇಮ್‌ಗಳ ಸೇವನ್ನು ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ, ಇಂಟರ್ನೆಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ, ಇಡಲು ಬೇಕಾದ ಸೋನಿಯ ಚಂದಾ ಪಿಎಸ್ ಪ್ಲಸ್ ಅವನ ಹತ್ತಿರ ಇರಲಿಲ್ಲ. ಅವನು ಕೇಳುತ್ತಲೇ ಇದ್ದ, ನನ್ನ ಕೈಯಲ್ಲಿ ಏನೂ ಮಾಡಲು ಆಗಲಿಲ್ಲ. ಎರಡೂ ಯಂತ್ರವನ್ನು ಪಕ್ಕಪಕ್ಕ ಇಟ್ಟು, ನಡುವೆ ಒಂದು ಲ್ಯಾನ್ ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಡೇಟಾ ಟ್ರಾನ್ಸ್‌ಫರ್ ಒತ್ತಿದ್ದರೆ ಗೇಮ್, ಸೇವ್ ಎಲ್ಲವೂ ಹೊಸದಕ್ಕೆ ಬರುತ್ತಿತ್ತು. ಆ ಕೇಬಲ್ ನಮ್ಮ ಮಾರ್ಕೆಟ್‌ನಲ್ಲಿ ಯಾವ ಕಂಪ್ಯೂಟರ್ ಅಂಗಡಿಯಲ್ಲಾದರೂ ಸಿಗುತ್ತದೆ.