‘ಪಿನ್ನು ಇನ್ನೂ ಚೂಪಾಗೇ ಇದೆಯಲ್ಲ ಸಾರ್!’

ತುಮಕೂರಿನವರಾಗಲಿ, ಕೋಲಾರ, ಚಿಂತಾಮಣಿ ಕಡೆಯವರಾಗಲಿ, ತಾತನ ಕಾಲದ ಗ್ರಾಮಫೋನ್ ರಿಪೇರಿಗೆ ತರುವವರ ದೂರು ಹೆಚ್ಚುಕಡಿಮೆ ಒಂದೇ. “ತಂದಾಗ ಚೆನ್ನಾಗಿ ಹಾಡ್ತಿತ್ತು ಸಾರ್, ಈಗ ಬರೀ ಕರಕರ.” ಬಿಚ್ಚಿ ನೋಡಿದರೆ ಸ್ಪ್ರಿಂಗು ಗಟ್ಟಿಯಾಗಿದೆ, ವೇಗ ಹಿಡಿತದಲ್ಲಿಡುವ ಗವರ್ನರ್ ಸರಿಯಾಗಿ ತಿರುಗುತ್ತಿದೆ. ರೆಕಾರ್ಡಿನ ಮೇಲೆ ಓಡುವ ಪಿನ್ನು ಬದಲಾಯಿಸಿ ಎಷ್ಟು ದಿನವಾಯಿತು ಎಂದು ಕೇಳಿದರೆ ಮುಖಮುಖ ನೋಡುತ್ತಾರೆ. “ಬದಲಾಯಿಸೋದಾ? ಇನ್ನೂ ಚೂಪಾಗೇ ಇದೆಯಲ್ಲ!”

ಆ ಚೂಪೇ ರೆಕಾರ್ಡನ್ನು ತಿಂದಿರುವುದು.

ನಿಮಿಷಕ್ಕೆ 78 ಸುತ್ತು ತಿರುಗುವ ಈ ರೆಕಾರ್ಡು, ಅಂದರೆ 78ರ ತಟ್ಟೆ, ಪ್ಲಾಸ್ಟಿಕ್ಕಲ್ಲ. ಅರಗು, ನುಣ್ಣಗೆ ಅರೆದ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಮಸಿ ಸೇರಿಸಿ ಬಿಸಿಯಲ್ಲಿ ಒತ್ತಿದ್ದು. ಅದರಲ್ಲಿ ಅರಗಿಗಿಂತ ಪುಡಿಯೇ ಹೆಚ್ಚು. ಉಕ್ಕಿನ ಪಿನ್ನನ್ನು ಹಾಡು ಅಚ್ಚಾಗಿರುವ ಗೀರಿಗೆ ಇಳಿಸಿದ ಕೂಡಲೇ ಈ ಪುಡಿ ಸಾಣೆಕಲ್ಲಿನಂತೆ ಪಿನ್ನಿನ ತುದಿಯನ್ನು ಸವೆಸುತ್ತದೆ. ಮೊದಲ ಕೆಲವು ಸುತ್ತಿನಲ್ಲೇ ತುದಿ ಗೀರಿನ ಆಕಾರಕ್ಕೆ ಹೊಂದಿಕೊಂಡು, ಭಾರ ಎರಡೂ ಗೋಡೆಗಳ ಮೇಲೆ ಸಮನಾಗಿ ಹಂಚಿಹೋಗುತ್ತದೆ. ಕಂಪನಿಗಳು ಬೇಕೆಂದೇ ಹೀಗೆ ಮಾಡಿದ್ದವು. ಸವೆಯಬೇಕಾದ್ದು ಪಿನ್ನು, ಉಳಿಯಬೇಕಾದ್ದು ರೆಕಾರ್ಡು.

ಆದರೆ ಸವೆತ ಅಲ್ಲಿಗೇ ನಿಲ್ಲುವುದಿಲ್ಲ. ಹತ್ತಿಂಚಿನ ತಟ್ಟೆಯ ಒಂದು ಮುಖ ಸುಮಾರು ಮೂರು ನಿಮಿಷ ಹಾಡುತ್ತದೆ. ಅಂದರೆ 230ರಷ್ಟು ಸುತ್ತು, ನೂರು ಮೀಟರಿಗೂ ಉದ್ದದ ಗೀರು. ಇಷ್ಟು ದೂರವೂ ಪಿನ್ನನ್ನು ಹಿಡಿದು ದನಿ ಹೊರಡಿಸುವ ಸೌಂಡ್‌ಬಾಕ್ಸು ನೂರು ಗ್ರಾಮಿಗೂ ಹೆಚ್ಚು ಭಾರವನ್ನು ಆ ಒಂದು ತುದಿಯ ಮೇಲೆ ಹೇರಿರುತ್ತದೆ. ಹಾಡು ಮುಗಿಯುವ ಹೊತ್ತಿಗೆ ತುದಿಯ ಎರಡು ಪಕ್ಕವೂ ಚಪ್ಪಟೆಯಾಗಿ, ಅಂಚು ಉಳಿಯ ಬಾಯಿಯಂತೆ ಎದ್ದಿರುತ್ತದೆ. ಬೆರಳಿಗೆ ಚೂಪೆನಿಸುವುದು ಈ ಅಂಚು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ವಾಚ್ ರಿಪೇರಿಯವರ ಕಣ್ಣುಗಾಜಿನಲ್ಲಿ ಹೊಸ ಪಿನ್ನನ್ನೂ ಹಾಡಿದ ಪಿನ್ನನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಹೊಸದರ ತುದಿ ಗುಂಡಗೆ, ಯಾವ ಕಡೆಯಿಂದ ನೋಡಿದರೂ ಒಂದೇ ರೀತಿ ಕಾಣುತ್ತದೆ. ಹಾಡಿದ್ದರಲ್ಲಿ ಒಂದು ಕೋನಕ್ಕೆ ಬಂದಾಗ ಪಕ್ಕದ ಚಪ್ಪಟೆ ಫಳಕ್ಕೆಂದು ಹೊಳೆಯುತ್ತದೆ. ಅದನ್ನು ಇನ್ನೊಂದು ತಟ್ಟೆಗಿಟ್ಟರೆ ಗೀರಿನ ಗೋಡೆಯನ್ನು ಹೆರೆಯುತ್ತದೆ. ಪಿನ್ನಿನ ಬುಡದಲ್ಲಿ ಬೂದುಬಣ್ಣದ ಪುಡಿ ಸೇರುವುದನ್ನು ಧೂಳು ಅಂದುಕೊಳ್ಳುತ್ತೀರಲ್ಲ, ಅದರಲ್ಲಿ ಹಾಡೂ ಇರುತ್ತದೆ.

ಒಮ್ಮೆ ತೆಗೆದ ಪಿನ್ನನ್ನು ತುಸು ತಿರುಗಿಸಿ ಮತ್ತೆ ಹಾಕುವ ಬುದ್ಧಿವಂತರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ಚಪ್ಪಟೆಯ ಅಂಚು ನೇರವಾಗಿ ಗೋಡೆಗೇ ತಾಗುತ್ತದೆ. ಮರಳು ಕಾಗದಕ್ಕೆ ಉಜ್ಜಿ ಹದ ಮಾಡುವುದು, ಗುಂಡುಪಿನ್ನು ಅಥವಾ ಹೊಲಿಗೆ ಸೂಜಿ ಮುರಿದು ಸಿಕ್ಕಿಸುವುದು, ಯಾವುದೂ ಬೇಡ. ಒಂದು ಮುಖಕ್ಕೆ ಒಂದು ಪಿನ್ನು. ತಟ್ಟೆ ಮಗುಚಿದರೆ ಇನ್ನೊಂದು. ಜಿಪುಣತನಕ್ಕೆ ಇದು ಜಾಗವಲ್ಲ. ಹಳೆಯ ಪಿನ್ನಿನ ಡಬ್ಬಿಗಳ ಮೇಲೇ ಒಂದು ಸಲ ಮಾತ್ರ ಬಳಸಿ ಎಂದು ಅಚ್ಚು ಹಾಕಿರುತ್ತಿದ್ದರು. ಇನ್ನೂರರ ಡಬ್ಬಿ ಮಾರುತ್ತಿದ್ದುದೂ ಅದಕ್ಕೇ. ಹತ್ತು ಹಾಡಿಗೆ ಬರುತ್ತದೆ ಎಂದು ಮಾರುವ ಲೇಪನದ ಪಿನ್ನುಗಳೂ ಉಂಟು. ಅಪರೂಪದ ತಟ್ಟೆಗೆ ನಾನಂತೂ ಅವನ್ನು ಹಾಕಿ ಎನ್ನಲಾರೆ.

ಈ ಗೊಂದಲಕ್ಕೆ ಒಂದು ಕಾರಣ ಎಡಿಸನ್ನನ ಫೋನೋಗ್ರಾಫ್ ಇರಬಹುದು. ಅದರಲ್ಲಿ ತಟ್ಟೆಯ ಬದಲು ಉರುಳೆ, ಉರುಳೆಗೆ ನೀಲದ ಹರಳಿನ ಮುಳ್ಳು, ಅದನ್ನು ಹಾಡಿಗೊಮ್ಮೆ ಬದಲಿಸಬೇಕಿಲ್ಲ. ಅಲ್ಲಿ ಮುಳ್ಳು ಮೇಲೆ ಕೆಳಗೆ ಕುಣಿಯುತ್ತದೆ, ನಮ್ಮ ತಟ್ಟೆಗಳಲ್ಲಿ ಅಕ್ಕಪಕ್ಕ ಓಲಾಡುತ್ತದೆ. ಎರಡೂ ಬೇರೆ ಜಾತಿ.

ಪಿನ್ನು ಹಾಕುವಾಗ ತೂತಿನ ತಳ ಮುಟ್ಟುವವರೆಗೆ ತಳ್ಳಿ, ತಿರುಪನ್ನು ಬೆರಳಲ್ಲೇ ಬಿಗಿಮಾಡಿ. ಸಡಿಲವಿದ್ದರೆ ಝೇಂಕಾರ ಬರುತ್ತದೆ, ಇಕ್ಕಳ ಹಾಕಿದರೆ ತಿರುಪಿನ ಸುತ್ತುಗೀರು ಸವೆದುಹೋಗುತ್ತದೆ. ದಪ್ಪ ಪಿನ್ನಿಗೆ ಜೋರು ದನಿ, ಸಣ್ಣದಕ್ಕೆ ಮೆತ್ತನೆ ದನಿ. ಹೊಸ ಪಿನ್ನು ಹಾಕಿದ ಮೇಲೂ ದನಿ ಒಡೆದರೆ ಸೌಂಡ್‌ಬಾಕ್ಸಿನೊಳಗಿನ ರಬ್ಬರ್ ಕಲ್ಲಾಗಿರಬಹುದು, ಅದು ರಿಪೇರಿಯವರ ಕೆಲಸ. ಕೆಲವು ಪೆಟ್ಟಿಗೆಗಳಲ್ಲಿ ಪಿನ್ನಿಗೆಂದೇ ಎರಡು ಪುಟ್ಟ ಬಟ್ಟಲು ಇರುತ್ತವೆ, ಒಂದು ಹೊಸದಕ್ಕೆ, ಒಂದು ಹಾಡಿದ್ದಕ್ಕೆ. ಗುಬ್ಬಿಯ ಒಬ್ಬರು ಎರಡರಲ್ಲೂ ಏಲಕ್ಕಿ ತುಂಬಿಟ್ಟಿದ್ದರು. ಪರಿಮಳವೇನೋ ಚೆನ್ನಾಗಿತ್ತು!

ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿ ತಟ್ಟೆಯನ್ನು ಕೀಲಿ ಕೊಡುವ ಗ್ರಾಮಫೋನಿಗೆ ಹಾಕಿದರೆ ಒಂದೇ ಸಲಕ್ಕೆ ಹಾಳು, ಅದರ ಮಾತೇ ಬೇಡ. ಎಂಟು ಮೂಲೆಯ ಪೆಟ್ಟಿಗೆ, ಥಳಥಳ ಹಿತ್ತಾಳೆ ಹಾರ್ನು, ಹೊಚ್ಚಹೊಸದಾಗಿ ಅಂಟಿಸಿದ ಎಚ್‌ಎಂವಿ ನಾಯಿಯ ಚಿತ್ರ ಇರುವ ‘ಆಂಟಿಕ್’ ಬಹುತೇಕ ಈಚೆಗೆ ಜೋಡಿಸಿದ್ದು. ಅಂಗಡಿಯವರು ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆದುಕೊಡಲು ಒಪ್ಪುತ್ತಾರಾ ಕೇಳಿ.

ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡಿಗೆ ಹಾಡಿದ ಕಾಲದಂಥ, ಒಂದೇ ಬದಿಗೆ ಗೀರಿರುವ ತಟ್ಟೆ ಸಿಕ್ಕರೆ ಹೊಸ ಪಿನ್ನಿನಲ್ಲೂ ಗ್ರಾಮಫೋನಿಗೆ ಏರಿಸಬೇಡಿ. ವಿದ್ಯುತ್ ಟರ್ನ್‌ಟೇಬಲ್ಲಿಗೆ 78ರ ಅಗಲ ಮುಳ್ಳು ಹಾಕಿಸಿ, ನಾಲ್ಕೈದು ಗ್ರಾಂ ಭಾರದಲ್ಲಿ ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದಕ್ಕೂ ಮುಂಚೆ ತೊಳೆಯಬೇಕು. ಸ್ಪಿರಿಟ್, ಸ್ಯಾನಿಟೈಜರ್ ಸೋಕಿಸಲೇಬೇಡಿ, ಅರಗು ಕರಗುತ್ತದೆ. ನಮ್ಮ ಬೋರ್‌ವೆಲ್ ನೀರೂ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರು ಒಣಗಿದ ಮೇಲೆ ಗೀರಿನ ತಳದಲ್ಲಿ ಬಿಳಿ ಉಪ್ಪು ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಸಾಕು. ಮೆತ್ತನೆ ಬ್ರಷ್ಷಿನಲ್ಲಿ ಗೀರಿನ ಗುಂಟ ಸುತ್ತಿ, ಲೇಬಲ್ ನೆನೆಯದಂತೆ ನೋಡಿಕೊಂಡು, ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ತೊಳೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಚು ಸೊಟ್ಟಗಾಗುತ್ತದೆ.