ಟ್ರೇಡಿಂಗ್ ಕಲಿಸುವವರನ್ನು ನಂಬುವ ಮುಂಚೆ ಪೆಟ್ಟಿಗೆಯ ತಳ ನೋಡಿ

ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಅಪ್ಪ ಒಣದ್ರಾಕ್ಷಿ ತಗೊಂಡು ವಿಜಯಪುರಕ್ಕೆ ಹೋದರೆ, ವ್ಯಾಪಾರಿ ಮೇಲಿನ ಹಸಿರು ಕಾಳು ನೋಡಿ ರೇಟ್ ಹೇಳುವುದಿಲ್ಲ. ಪೆಟ್ಟಿಗೆಯ ತಳಕ್ಕೆ ಕೈ ಹಾಕುತ್ತಾನೆ. ಒಂದು ಮುಷ್ಟಿ ತೆಗೆದು ಅಂಗೈ ಮೇಲೆ ಹರಡಿ, ಕಪ್ಪು ಕಾಳು ಎಷ್ಟು, ಕಡ್ಡಿ ಎಷ್ಟು ಅಂತ ಬೆರಳಿನಿಂದ ಸರಿಸಿ ನೋಡುತ್ತಾನೆ.

ಹೋದ ತಿಂಗಳು ಊರಲ್ಲಿ ಷೇರು ಟ್ರೇಡಿಂಗ್ ಕಲಿಸುವ ಒಂದು ಫ್ರೀ ಸೆಮಿನಾರ್ ಇತ್ತು. ಸರ್ ಫೋನ್ ಎತ್ತಿ ತೋರಿಸಿದರು: ಒಂದೇ ದಿನಕ್ಕೆ 48,000 ಲಾಭ. ನಾನು ಕೇಳಿದೆ, "ಸರ್, ಹೋದ ವರ್ಷದ್ದು ಪೂರ್ತಿ ಲಾಭ-ನಷ್ಟ ತೋರಿಸ್ತೀರೇನ್ರೀ?" "ಮೊದಲ ನಂಬಿಕಿ ಇರಬೇಕ್ರೀ. ಸಂಶಯ ಇದ್ರ ರೊಕ್ಕ ಬರಂಗಿಲ್ಲ" ಅಂದರು. ನಾನು ಎದ್ದು ಬಂದೆ.

ಸ್ಕ್ರೀನ್‌ಶಾಟ್ ಮೇಲಿನ ಪದರ ಇದ್ದಂಗೆ. ಅದನ್ನು ತಿದ್ದಬಹುದು. ತಿದ್ದದೇ ಇದ್ದರೂ, ಒಂದು ಖಾತೆಯಲ್ಲಿ ಕಾಲ್ (ಬೆಲೆ ಏರಿದರೆ ಲಾಭ), ಇನ್ನೊಂದರಲ್ಲಿ ಪುಟ್ (ಇಳಿದರೆ ಲಾಭ) ಕೊಂಡು, ಲಾಭ ಬಂದದ್ದನ್ನಷ್ಟೇ ತೋರಿಸಬಹುದು. ಅದಕ್ಕೇ ಇಡೀ ಹಣಕಾಸು ವರ್ಷದ ಲೆಕ್ಕ ಕೇಳಬೇಕು, ಬ್ರೋಕರೇಜ್ (ಬ್ರೋಕರ್ ಕಮಿಷನ್) ಮತ್ತು ತೆರಿಗೆ ಕಳೆದದ್ದು. ಪಿಡಿಎಫ್ ಬೇಡ, ನಮ್ಮ ಎದುರಿಗೇ ಲಾಗಿನ್ ಮಾಡಿ ತೋರಿಸಲಿ. ಎಫ್ ಅಂಡ್ ಓ (ಕಾಲ್, ಪುಟ್‌ನಂಥ ಫ್ಯೂಚರ್ಸ್-ಆಪ್ಷನ್ಸ್ ಟ್ರೇಡಿಂಗ್) ಗಳಿಕೆ ವ್ಯವಹಾರದ ಆದಾಯ, ಹಾಗಾಗಿ ಅವರ ಆದಾಯ ತೆರಿಗೆ ರಿಟರ್ನ್ ಐಟಿಆರ್-3ರಲ್ಲೂ ಅದು ಕಾಣಬೇಕು, ಅಲ್ವಾ?

"ನನ್ನ ಅಕ್ಯುರೆಸಿ 80 ಪರ್ಸೆಂಟ್" ಅನ್ನುವ ಮಾತಿಗೂ ಕರಗಬೇಡಿ. ಪೆನ್ನು ಹಿಡಿದು ಲೆಕ್ಕ ಹಾಕಿ. 10 ಟ್ರೇಡಿನಲ್ಲಿ 8 ಗೆದ್ದರು, ತಲಾ 500, ಒಟ್ಟು 4,000. ಸೋತದ್ದು ಎರಡೇ, ಆದರೆ ತಲಾ 3,000, ಅಂದರೆ 6,000. ಮಾತು ಸುಳ್ಳಲ್ಲ, ಆದರೂ ಕಿಸೆಯಿಂದ 2,000 ಹೋಯಿತು. ಆದ್ದರಿಂದ ಗೆದ್ದಾಗ ಸರಾಸರಿ ಎಷ್ಟು, ಸೋತಾಗ ಸರಾಸರಿ ಎಷ್ಟು ಎಂದು ಕೇಳಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿಗೆ ನಷ್ಟ. ಈ ಸಂಖ್ಯೆಯನ್ನು ಮೊದಲ ದಿನವೇ ಹೇಳದೆ, "ತಿಂಗಳಿಗೆ ಇಷ್ಟು ಗ್ಯಾರಂಟಿ" ಅನ್ನುವವರ ಹತ್ತಿರ ಹೋಗಲೇಬೇಡಿ.

ಇನ್ನು ನೋಂದಣಿ. ಬರೀ ಪಾಠ ಹೇಳಲು ಅದು ಬೇಕಿಲ್ಲ. ಆದರೆ ಫೀಸ್ ತಗೊಂಡು "ಇದನ್ನು ಈ ಬೆಲೆಗೆ ಕೊಳ್ಳಿ" ಎಂದರೆ ಸೆಬಿ ನೋಂದಣಿ ಬೇಕು. ರಿಸರ್ಚ್ ಅನಲಿಸ್ಟ್ (ಷೇರು ಅಧ್ಯಯನ ಮಾಡಿ ಶಿಫಾರಸು ಕೊಡುವವರು) ಸಂಖ್ಯೆ ಐಎನ್ಎಚ್ ಎಂದೂ, ಹೂಡಿಕೆ ಸಲಹೆಗಾರರ ಸಂಖ್ಯೆ ಐಎನ್ಎ ಎಂದೂ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದೆ ಯಾರ ಹೆಸರಿದೆ ನೋಡಿ, ಫೀಸ್ ಹೋಗುವ ಖಾತೆಯೂ ಅದೇ ಹೆಸರಿನಲ್ಲಿದೆಯಾ ನೋಡಿ. ನೋಂದಣಿ ಇದೆ ಅಂದರೆ ಲಾಭ ಖಚಿತ ಎಂದಲ್ಲ. ಮೋಸವಾದರೆ ದೂರು ಕೊಡಲು ದಾರಿ ಇರುತ್ತದೆ, ಅಷ್ಟೇ.

ತಮ್ಮ ಲಿಂಕ್‌ನಿಂದಲೇ ಡಿಮ್ಯಾಟ್ (ಷೇರು ಇಡುವ ಖಾತೆ) ತೆರೆಯಿರಿ ಎಂದು ಒತ್ತಾಯಿಸಿದರೆ, ನಿಮ್ಮ ಬ್ರೋಕರೇಜಿನಲ್ಲಿ ಅವರಿಗೆ ಪಾಲು ಇದೆಯಾ ಎಂದು ನೇರ ಕೇಳಿ. ಪಾಲು ಇದ್ದರೆ, ನೀವು ಜಾಸ್ತಿ ಟ್ರೇಡ್ ಮಾಡಿದಷ್ಟೂ ಅವರಿಗೆ ಲಾಭ, ನೀವು ಸೋತರೂ ಸರಿ. ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಒಳ್ಳೆಯವರೂ ಇದ್ದಾರೆ. ನನ್ನ ಗೆಳೆಯನಿಗೆ ಬೆಳಗಾವಿಯಲ್ಲಿ ಒಬ್ಬರು ಕಲಿಸುತ್ತಾರೆ. ಮೊದಲ ಕ್ಲಾಸಿನಲ್ಲೇ ಅವರು ತಮ್ಮ ಖಾತೆ ತೆರೆದು, ತಾವು ಅತಿ ಜಾಸ್ತಿ ಕಳೆದುಕೊಂಡ ತಿಂಗಳನ್ನು ತೋರಿಸಿ, ಒಂದೊಂದು ಟ್ರೇಡಿನಲ್ಲೂ ಎಲ್ಲಿ ತಪ್ಪಿದೆ ಎಂದು ಎರಡು ತಾಸು ಬಿಡಿಸಿ ಹೇಳಿದರಂತೆ.